ಗರ್ಭದಿಂದಲೇ ಆರಂಭವಾಗುವ ಮಧುಮೇಹ: ಮೈಸೂರಿನ ಅಧ್ಯಯನಗಳು ಮತ್ತು ಕಾಸರಗೋಡಿಗೆ ಅವುಗಳ ಪಾಠ

ಮಧುಮೇಹ, ಬೊಜ್ಜು ಮತ್ತು ಆಹಾರ ಸೇವನೆಯ ಅಸ್ವಸ್ಥತೆಗಳನ್ನು ವೈದ್ಯಶಾಸ್ತ್ರವು ಬಹುಕಾಲ ಮೂರು ಬೇರೆ ಬೇರೆ ಕಾಯಿಲೆಗಳೆಂದು ಬಗೆದು, ಮೂರು ಬೇರೆ ವಿಭಾಗಗಳಿಗೆ ಒಪ್ಪಿಸಿತ್ತು. ಜನಸಾಮಾನ್ಯರ ತಿಳಿವಳಿಕೆಯಲ್ಲಿ ಮಾತ್ರ ಈ ಮೂರಕ್ಕೂ ಒಂದೇ ಕಾರಣವಿತ್ತು: ಬಾಯಿಗೆ ಕಡಿವಾಣ ಇಲ್ಲದಿರುವುದು. ಸಕ್ಕರೆ ಕಾಯಿಲೆ ಬಂದವನು ಸಿಹಿ ತಿಂದು ಕೆಟ್ಟವನು, ದಪ್ಪಗಾದವಳು ಕೂತು ತಿಂದವಳು, ಉಣ್ಣದೆ ಸೊರಗಿದ ಹುಡುಗಿ ಹಟಮಾರಿ ಎಂಬ ತೀರ್ಮಾನಗಳು ಮನೆಯಲ್ಲೂ ಆಸ್ಪತ್ರೆಯ ಜಗಲಿಯಲ್ಲೂ ಸಲೀಸಾಗಿ ಹೊರಬೀಳುತ್ತವೆ. ಕಳೆದ ಮೂರು ನಾಲ್ಕು ದಶಕಗಳ ಸಂಶೋಧನೆ ಈ ತೀರ್ಮಾನಗಳ ಬುಡವನ್ನೇ ಅಲುಗಿಸಿದೆ. ಮನುಷ್ಯನ ದೇಹವು ಸಕ್ಕರೆಯನ್ನು ಹೇಗೆ ನಿಭಾಯಿಸಬೇಕು, ಕೊಬ್ಬನ್ನು ಎಲ್ಲಿ ಸಂಗ್ರಹಿಸಬೇಕು ಎಂಬುದರ ಒಂದು ಪಾಲು ಅವನು ಮೊದಲ ತುತ್ತು ಉಣ್ಣುವುದಕ್ಕೂ ಮುಂಚೆ, ತಾಯಿಯ ಗರ್ಭದಲ್ಲೇ ನಿಶ್ಚಯವಾಗುತ್ತದೆ ಎಂಬುದು ಆ ಸಂಶೋಧನೆಯ ತಿರುಳು. ಈ ಮಾತಿಗೆ ಬಲವಾದ ಆಧಾರ ಒದಗಿಸಿದ ಜಗತ್ತಿನ ಕೆಲವೇ ಸ್ಥಳಗಳಲ್ಲಿ ಕನ್ನಡ ನಾಡಿನ ಮೈಸೂರು ಒಂದು. ಆ ಅಧ್ಯಯನಗಳ ಹಾದಿಯನ್ನು ಪರಿಶೀಲಿಸಿ, ಎಡನೀರಿನಂಥ ಊರುಗಳಿರುವ ಕಾಸರಗೋಡು ಜಿಲ್ಲೆಗೆ ಅವುಗಳಿಂದ ದೊರೆಯುವ ಪಾಠವನ್ನು ವಿವೇಚಿಸುವುದು ಈ ಉಪನ್ಯಾಸದ ಉದ್ದೇಶ.

ಸಮಸ್ಯೆಯ ಸ್ವರೂಪ

ಉಂಡ ಅನ್ನ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರಿದಾಗ ಅದನ್ನು ಸ್ನಾಯು ಮತ್ತು ಇತರ ಅಂಗಾಂಶಗಳ ಒಳಗೆ ಬಿಡಿಸುವ ಹಾರ್ಮೋನು ಇನ್ಸುಲಿನ್. ಅದನ್ನು ಸ್ರವಿಸುವುದು ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ. ಈ ಗ್ರಂಥಿಯ ಇನ್ಸುಲಿನ್ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಮಾಡಿದಾಗ ಬರುವುದು ಮೊದಲನೆಯ ಬಗೆಯ ಮಧುಮೇಹ. ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದೆ, ಗ್ರಂಥಿಯು ಹೆಚ್ಚು ಹೆಚ್ಚು ಸ್ರವಿಸಿ ಕೊನೆಗೆ ಸೋತಾಗ ಬರುವುದು ಎರಡನೆಯ ಬಗೆಯ ಮಧುಮೇಹ. ಹೀಗೆ ಸ್ಪಂದಿಸದಿರುವುದನ್ನು ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಭಾರತದ ರೋಗಿಗಳಲ್ಲಿ ಬಹುಪಾಲು ಎರಡನೆಯ ಬಗೆಯವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2008ರಿಂದ 2020ರವರೆಗೆ ದೇಶದ ಎಲ್ಲ ರಾಜ್ಯಗಳಲ್ಲಿ 1,13,043 ವಯಸ್ಕರನ್ನು ಪರೀಕ್ಷಿಸಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ, ಶೇ. 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಕೇರಳದಲ್ಲಿ ಮಧುಮೇಹಿಗಳ ಪ್ರಮಾಣ ಶೇ. 25.5, ಅಂದರೆ ನಾಲ್ವರು ವಯಸ್ಕರಲ್ಲಿ ಒಬ್ಬರು. ಸಾಕ್ಷರತೆಯಲ್ಲಿ, ಶಿಶುಮರಣದ ಇಳಿಕೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಾರ್ಯಕ್ಷಮತೆಯಲ್ಲಿ ದೇಶಕ್ಕೆ ಮಾದರಿಯಾದ ರಾಜ್ಯವೊಂದು ಈ ಪಟ್ಟಿಯಲ್ಲೂ ಮುಂದಿನ ಸಾಲಿನಲ್ಲಿರುವುದು ಬರಿಯ ಅಜ್ಞಾನವನ್ನು ದೂರಿ ಮುಗಿಸಬಹುದಾದ ಸಂಗತಿಯಲ್ಲ.

ಇದಕ್ಕೆ ಕಾರಣ ವಂಶವಾಹಿಗಳಲ್ಲಿದೆ ಎಂಬ ವಾದವನ್ನು ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲಿ ಮಂಡಿಸಿದರು. ಬರಗಾಲಗಳ ನಡುವೆ ಬದುಕಿ ಉಳಿದವರು ಸಿಕ್ಕ ಅನ್ನವನ್ನು ಕೊಬ್ಬಾಗಿ ಕೂಡಿಡುವ ಗುಣವನ್ನು ವಂಶಪಾರಂಪರ್ಯವಾಗಿ ಪಡೆದಿರುತ್ತಾರೆ, ಅನ್ನ ಧಾರಾಳವಾದ ಕಾಲದಲ್ಲಿ ಆ ಗುಣವೇ ಅವರಿಗೆ ಮುಳುವಾಗುತ್ತದೆ ಎಂಬುದು ಅವರ ವಾದ. ಕೇಳಲು ಇದು ಸುಸಂಗತವಾಗಿದ್ದರೂ ವಂಶವಾಹಿಗಳು ಒಂದೆರಡು ತಲೆಮಾರುಗಳಲ್ಲಿ ಬದಲಾಗುವಂಥವಲ್ಲ, ಭಾರತದಲ್ಲಿ ಮಧುಮೇಹ ಹಬ್ಬಿದ್ದಾದರೋ ಒಂದೆರಡು ತಲೆಮಾರುಗಳಲ್ಲಿಯೇ. ಅದೂ ಅಲ್ಲದೆ, ನೋಡಲು ತೆಳ್ಳಗಿರುವ ಭಾರತೀಯರಿಗೂ ಈ ರೋಗ ಬರುತ್ತಿತ್ತು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ತಮ್ಮ ದೇಹಗಳನ್ನೇ ಮುಂದಿಟ್ಟು ಈ ತೊಡಕನ್ನು ತೋರಿಸಿದರು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ಸಿಗುವ ದೇಹತೂಕ ಸೂಚ್ಯಂಕ ಇಬ್ಬರದೂ 22.3 ಆಗಿತ್ತು, ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು. ತಕ್ಕಡಿಯಲ್ಲಿ ಸಮನಾದವರು ಒಳಗೆ ಸಮನಾಗಿರಲಿಲ್ಲ. ಈ ವ್ಯತ್ಯಾಸ ಯಾವಾಗ ಉಂಟಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಹಿಂದಕ್ಕೆ, ಹುಟ್ಟಿನವರೆಗೆ ಹೋಗಬೇಕಾಗಿತ್ತು.

ಹೆರಿಗೆ ವಾರ್ಡಿನ ಹಳೆಯ ಪುಸ್ತಕಗಳು

ಆ ಹಾದಿಯನ್ನು ತೆರೆದವರು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬಾರ್ಕರ್ (1938–2013). ಹರ್ಟ್‌ಫರ್ಡ್‌ಷೈರ್ ಎಂಬ ಜಿಲ್ಲೆಯಲ್ಲಿ 1911ರಿಂದ ದಾದಿಯರು ಪ್ರತಿ ಶಿಶುವಿನ ಹುಟ್ಟುತೂಕವನ್ನೂ ಒಂದು ವರ್ಷದ ತೂಕವನ್ನೂ ಬರೆದಿಟ್ಟಿದ್ದ ಪುಸ್ತಕಗಳು ಉಳಿದುಬಂದಿದ್ದವು. ಆ ಶಿಶುಗಳು ಮುದುಕರಾದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೇ ಹೃದ್ರೋಗವೂ ಮಧುಮೇಹವೂ ಹೆಚ್ಚಾಗಿ ಬಂದಿರುವುದು ಕಂಡಿತು. ಬಾರ್ಕರ್ ಮತ್ತು ಜೀವರಸಾಯನ ವಿಜ್ಞಾನಿ ನಿಕೊಲಸ್ ಹೇಲ್ಸ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಗಂಡಸರಲ್ಲಿ ಶೇ. 40 ಮಂದಿಗೆ ಅರುವತ್ತನಾಲ್ಕರ ಆಸುಪಾಸಿನಲ್ಲಿ ಸಕ್ಕರೆಯ ನಿಯಂತ್ರಣ ತಪ್ಪಿತ್ತು. ಅತಿ ಹೆಚ್ಚು ತೂಕದಲ್ಲಿ ಹುಟ್ಟಿದವರಲ್ಲಿ ಆ ಪ್ರಮಾಣ ಶೇ. 14 ಮಾತ್ರ. ಗರ್ಭದಲ್ಲಿ ಪೋಷಣೆ ಸಾಲದಾದಾಗ ಭ್ರೂಣವು ಮಿದುಳಿನ ಬೆಳವಣಿಗೆಯನ್ನು ಕಾಪಾಡಿಕೊಂಡು, ಸ್ನಾಯು, ಮೇದೋಜೀರಕ ಗ್ರಂಥಿ ಮೊದಲಾದವುಗಳ ಪಾಲನ್ನು ಕಡಿತಗೊಳಿಸುತ್ತದೆ; ಹೊರಗೆ ಬಂದ ಮೇಲೆ ಅನ್ನ ಧಾರಾಳವಾಗಿ ಸಿಕ್ಕಿದರೆ ಬಡಕಲಾಗಿ ಕಟ್ಟಿದ ಆ ಅಂಗಗಳು ಹೊರೆ ತಾಳಲಾರವು ಎಂದು ಅವರಿಬ್ಬರೂ 1992ರಲ್ಲಿ ವಿವರಿಸಿದರು. ನೀಲ್ ವಂಶವಾಹಿಯಲ್ಲಿ ಕಂಡ ಮಿತವ್ಯಯವನ್ನು ಇವರು ಗರ್ಭದ ಒಂಬತ್ತು ತಿಂಗಳಲ್ಲಿ ಕಂಡರು.

ಇಂಗ್ಲೆಂಡಿನ ಮಾತು ಭಾರತಕ್ಕೂ ಸಲ್ಲುತ್ತದೆಯೇ ಎಂಬುದನ್ನು ಪರೀಕ್ಷಿಸಲು ಇಲ್ಲಿಯೂ ಅಂಥ ಹಳೆಯ ದಾಖಲೆ ಬೇಕಿತ್ತು. ಮೈಸೂರಿಗರು ಮಿಷನ್ ಆಸ್ಪತ್ರೆ ಎಂದೇ ಕರೆಯುವ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೆಥಡಿಸ್ಟ್ ಮಿಷನ್ ಸ್ಥಾಪಿಸಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಅದು ದೊರೆಯಿತು. ಅಲ್ಲಿನ ಸೂಲಗಿತ್ತಿ ದಾದಿಯರು 1934ರಿಂದಲೂ ಹುಟ್ಟಿದ ಮಕ್ಕಳ ತೂಕವನ್ನಷ್ಟೇ ಅಲ್ಲದೆ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಬರೆದಿಟ್ಟಿದ್ದರು, ತಾಯಂದಿರ ತೂಕವೂ ನಮೂದಾಗಿತ್ತು. ಬಾರ್ಕರ್ ತಂಡದ ಕೆರೊಲೈನ್ ಫಾಲ್, ಕ್ಲಾಡಿಯಾ ಸ್ಟೈನ್, ಕಲ್ಯಾಣರಾಮನ್ ಕುಮಾರನ್ ಮೊದಲಾದವರು 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಆ ನಗರದಲ್ಲೇ ಇದ್ದವರನ್ನು ಹುಡುಕಿ ತೆಗೆದರು. 517 ಮಂದಿಯ ಈ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇದ್ದರೆ, 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ಆ ಪ್ರಮಾಣ ಶೇ. 3ಕ್ಕೆ ಇಳಿದಿತ್ತು. ಹೃದ್ರೋಗದ ಮಟ್ಟಿಗೆ ಮೈಸೂರು ಹರ್ಟ್‌ಫರ್ಡ್‌ಷೈರಿನ ಮಾತನ್ನೇ ಹೇಳಿತು.

ಮಧುಮೇಹದ ವಿಷಯದಲ್ಲಿ ಮಾತ್ರ ಮೈಸೂರು ಬೇರೆಯೇ ಉತ್ತರ ಕೊಟ್ಟಿತು. 506 ಮಂದಿಯನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಅವರಲ್ಲಿ ಶೇ. 15 ಮಂದಿಗೆ ಮಧುಮೇಹವಿತ್ತು. ಆದರೆ ಅದು ಹೆಚ್ಚಾಗಿ ಕಂಡದ್ದು ಸಣಕಲು ಶಿಶುಗಳಾಗಿದ್ದವರಲ್ಲಿ ಅಲ್ಲ, ಹುಟ್ಟುವಾಗ ಉದ್ದ ಕಡಿಮೆಯಿದ್ದು ಮೈ ತುಂಬಿಕೊಂಡಿದ್ದವರಲ್ಲಿ ಮತ್ತು ಭಾರದ ತಾಯಂದಿರಿಗೆ ಹುಟ್ಟಿದವರಲ್ಲಿ. ಹಳೆಯ ಸಿದ್ಧಾಂತಕ್ಕೆ ಒಗ್ಗದ ಈ ಫಲಿತಾಂಶವನ್ನು ಸಂಶೋಧಕರು ಮುಚ್ಚಿಡಲಿಲ್ಲ, ಅದರಿಂದಲೇ ಹೊಸ ಊಹೆಯೊಂದನ್ನು ಕಟ್ಟಿದರು. ಬಾಲ್ಯದಲ್ಲಿ ಅರೆಹೊಟ್ಟೆ ಉಂಡು ಗಿಡ್ಡಾಗಿ ಬೆಳೆದ ಹೆಣ್ಣುಮಗಳು ಊರಿಂದ ಪೇಟೆಗೆ ಬಂದು, ದುಡಿಮೆ ಕಡಿಮೆಯಾಗಿ ಉಣ್ಣುವುದು ಹೆಚ್ಚಾಗಿ ಮೈ ಬೆಳೆಸಿಕೊಂಡಾಗ, ಬಸಿರಿನ ಹೊರೆಯಲ್ಲಿ ಅವಳ ರಕ್ತದ ಸಕ್ಕರೆ ಏರುತ್ತದೆ. ಆ ಸಕ್ಕರೆ ಮಗುವನ್ನು ಗರ್ಭದಲ್ಲೇ ಕೊಬ್ಬಿಸುತ್ತದೆ. ಆ ಮಗು ದೊಡ್ಡದಾಗಿ ಮಧುಮೇಹಿಯಾಗುತ್ತದೆ ಎಂಬುದು ಆ ಊಹೆ. ಹೀಗೆ ಒಂದು ತಲೆಮಾರಿನ ಹಸಿವೂ ಮುಂದಿನ ತಲೆಮಾರಿನ ಸಮೃದ್ಧಿಯೂ ಒಬ್ಬಳೇ ತಾಯಿಯ ದೇಹದಲ್ಲಿ ಸಂಧಿಸಿದರೆ ಏನಾಗಬಹುದು ಎಂಬುದು ಪ್ರಶ್ನೆಯಾಯಿತು. ಹಳೆಯ ಪುಸ್ತಕಗಳಿಂದ ಇದಕ್ಕೆ ಉತ್ತರ ಸಿಗುವಂತಿರಲಿಲ್ಲ, ಏಕೆಂದರೆ ಆ ತಾಯಂದಿರ ರಕ್ತದ ಸಕ್ಕರೆಯನ್ನು ಆ ಕಾಲದಲ್ಲಿ ಯಾರೂ ಅಳೆದಿರಲಿಲ್ಲ.

ಪಾರ್ಥೆನಾನ್ ಅಧ್ಯಯನ

ಅದೇ ಆಸ್ಪತ್ರೆಯಲ್ಲಿ 1997 ಮತ್ತು 1998ರಲ್ಲಿ ಹೊಸ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದದ್ದು ಮೈಸೂರು ಪಾರ್ಥೆನಾನ್ ಅಧ್ಯಯನ. ಒಂದು ಗುಂಪನ್ನು ಆಯ್ದು ಅದೇ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಪರೀಕ್ಷಿಸುವ ಇಂಥ ಕ್ರಮಕ್ಕೆ ಕೋಹಾರ್ಟ್ ಅಧ್ಯಯನ ಎಂದು ಹೆಸರು. ಬಸಿರಿನ ಏಳನೆಯ ತಿಂಗಳ ಹೊತ್ತಿಗೆ 830 ಮಹಿಳೆಯರಿಗೆ ಗ್ಲೂಕೋಸ್ ಕುಡಿಸಿ ರಕ್ತವನ್ನು ಪರೀಕ್ಷಿಸಲಾಯಿತು, ಮೈಯ ಕೊಬ್ಬನ್ನೂ ಅಳೆಯಲಾಯಿತು. ಅವರಲ್ಲಿ ಶೇ. 6.2 ಮಂದಿಗೆ ಗರ್ಭಾವಸ್ಥೆಯ ಮಧುಮೇಹ, ಅಂದರೆ ಬಸಿರಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವ ಮಧುಮೇಹ ಪತ್ತೆಯಾಯಿತು. ಹುಟ್ಟಿದ ಮಕ್ಕಳನ್ನು ಹೆರಿಗೆಯ ದಿನದಿಂದ ತೊಡಗಿ ಐದು ವರ್ಷ, ಒಂಬತ್ತೂವರೆ ವರ್ಷ, ಹದಿಮೂರೂವರೆ ವರ್ಷ ಹೀಗೆ ಪ್ರಾಯಕ್ಕೆ ಬರುವವರೆಗೂ ಮತ್ತೆ ಮತ್ತೆ ಕರೆಸಿ ಪರೀಕ್ಷಿಸಲಾಯಿತು. ಈ ಕಾರ್ಯದ ಮುಂಚೂಣಿಯಲ್ಲಿದ್ದು ಅದರ ಬಹುತೇಕ ಮುಖ್ಯ ಪ್ರಬಂಧಗಳನ್ನು ಬರೆದವರು ಆಸ್ಪತ್ರೆಯ ಸಂಶೋಧನಾ ಘಟಕದ ಜಿ. ವಿ. ಕೃಷ್ಣವೇಣಿ. ಎಸ್. ಆರ್. ವೀಣಾ ಮೊದಲಾದ ಸಹೋದ್ಯೋಗಿಗಳೂ ಸೌತಾಂಪ್ಟನ್ನಿನ ಕೆರೊಲೈನ್ ಫಾಲ್ ಅವರೂ ದೀರ್ಘಕಾಲ ಅದರ ಜೊತೆಗಿದ್ದರು.

ಫಲಿತಾಂಶಗಳು ಒಂದೊಂದಾಗಿ ಹೊರಬಂದವು. ಮೈಸೂರಿನ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಂದಿಗೆ ಹೋಲಿಸಿದಾಗ ತೂಕ, ಉದ್ದ, ತೋಳಿನ ಸುತ್ತಳತೆ ಎಲ್ಲದರಲ್ಲೂ ಅವು ಚಿಕ್ಕವಾಗಿದ್ದರೂ ಬೆನ್ನಿನ ಮೇಲಿನ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಅಷ್ಟೇನೂ ಹಿಂದಿರಲಿಲ್ಲ. ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದ ಯಾಜ್ಞಿಕ್ ಅವರ ತಂಡ 2003ರಲ್ಲಿ ಇಂಥ ಶಿಶುವನ್ನೇ ತೆಳ್ಳಗಿದ್ದೂ ಕೊಬ್ಬಿರುವ ಭಾರತೀಯ ಶಿಶು ಎಂದು ವರ್ಣಿಸಿತ್ತು. ಮಧುಮೇಹವಿದ್ದ ತಾಯಂದಿರ ಮಕ್ಕಳು ಹುಟ್ಟುವಾಗಲೇ ಭಾರವಾಗಿದ್ದರು. ಐದನೆಯ ವರ್ಷದಲ್ಲಿ ಆ ಗುಂಪಿನ ಹೆಣ್ಣುಮಕ್ಕಳಲ್ಲಿ ಕೊಬ್ಬೂ ಇನ್ಸುಲಿನ್ ಮಟ್ಟವೂ ಹೆಚ್ಚಾಗಿದ್ದವು. ಒಂಬತ್ತೂವರೆ ವರ್ಷದ ಹೊತ್ತಿಗೆ ಆ ಮಕ್ಕಳಲ್ಲಿ ಮೈಕೊಬ್ಬು ಮತ್ತು ಇನ್ಸುಲಿನ್ ಪ್ರತಿರೋಧ ಎರಡೂ ಸ್ಪಷ್ಟವಾಗಿ ಹೆಚ್ಚಿರುವುದನ್ನು 2010ರ ಪ್ರಬಂಧ ತೋರಿಸಿತು. ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಬಾಯಿಲೆಕ್ಕ ಹಾಕಿಸಿ ಮನಸ್ಸಿಗೆ ಒತ್ತಡ ತಂದಾಗ ಈ ಮಕ್ಕಳ ಹೃದಯ ಮತ್ತು ರಕ್ತದೊತ್ತಡದ ಪ್ರತಿಕ್ರಿಯೆ ಇತರರಿಗಿಂತ ಜೋರಾಗಿರುತ್ತದೆ ಎಂಬುದು ಹದಿಹರೆಯದ ಪರೀಕ್ಷೆಯಲ್ಲಿ ತಿಳಿಯಿತು.

ಇದರ ಹಿಂದಿನ ಕ್ರಿಯೆಯನ್ನು ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೆಡರ್ಸನ್ ಹಿಂದೆಯೇ ಊಹಿಸಿದ್ದರು. ತಾಯಿಯ ರಕ್ತದ ಗ್ಲೂಕೋಸ್ ಮಾಸುಚೀಲವನ್ನು ದಾಟಿ ಮಗುವನ್ನು ಸೇರುತ್ತದೆ, ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಬಂದ ಸಕ್ಕರೆಯನ್ನು ನಿಭಾಯಿಸಲು ಭ್ರೂಣವು ತನ್ನದೇ ಇನ್ಸುಲಿನ್ನನ್ನು ಅತಿಯಾಗಿ ಸ್ರವಿಸಬೇಕಾಗುತ್ತದೆ. ಗರ್ಭದಲ್ಲಿ ಇನ್ಸುಲಿನ್ ಬೆಳವಣಿಗೆಯ ಹಾರ್ಮೋನಿನಂತೆ ಕೆಲಸ ಮಾಡುವುದರಿಂದ ಮಗುವಿನ ಮೈಯಲ್ಲಿ ಕೊಬ್ಬು ತುಂಬುತ್ತದೆ. ಇಂಥ ಮಗು ಹೆಣ್ಣಾಗಿದ್ದು, ಬೆಳೆದು ತಾನೂ ಬಸಿರಾದಾಗ ಅವಳ ರಕ್ತದಲ್ಲೂ ಸಕ್ಕರೆ ಏರುವ ಸಂಭವ ಹೆಚ್ಚು. ವಂಶವಾಹಿಯ ದೋಷವಿಲ್ಲದೆಯೂ ರೋಗವೊಂದು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುವ ಬಗೆ ಇದು.

ತಾಯಂದಿರ ಮುಂದಿನ ಆರೋಗ್ಯವನ್ನೂ ಈ ಅಧ್ಯಯನ ಹಿಂಬಾಲಿಸಿತು. ಬಸಿರಿನಲ್ಲಿ ಮಧುಮೇಹ ಕಂಡಿದ್ದವರಲ್ಲಿ ಐದು ವರ್ಷಗಳೊಳಗೆ ಶೇ. 37 ಮಂದಿ ಶಾಶ್ವತ ಮಧುಮೇಹಿಗಳಾದರು, ಆಗ ಸಕ್ಕರೆ ಸಹಜವಾಗಿದ್ದವರಲ್ಲಿ ಶೇ. 2 ಮಂದಿ ಮಾತ್ರ. ಹೆರಿಗೆಯಾದ ಕೂಡಲೇ ಸಕ್ಕರೆ ಇಳಿಯುವುದರಿಂದ ಮನೆಯವರು ಅದನ್ನು ಮರೆತುಬಿಡುತ್ತಾರೆ. ಬಾಣಂತಿಯ ಆರೈಕೆಯ ಗಡಿಬಿಡಿಯಲ್ಲಿ ಮರುಪರೀಕ್ಷೆ ನಡೆಯುವುದೇ ಇಲ್ಲ. ಮರೆಯಬಾರದ ಎಚ್ಚರಿಕೆ ಅದು ಎಂಬುದನ್ನು ಈ ಎರಡು ಅಂಕಿಗಳೇ ಸಾರುತ್ತವೆ. ಇನ್ನೊಂದು ಫಲಿತಾಂಶ 2009ರಲ್ಲಿ ಬಂತು. ಹಾಲು, ಮೊಟ್ಟೆ, ಮೀನು, ಮಾಂಸಗಳಿಂದಲೇ ಮುಖ್ಯವಾಗಿ ಸಿಗುವ ಬಿ12 ಎಂಬ ಜೀವಸತ್ವ ಈ ಗರ್ಭಿಣಿಯರಲ್ಲಿ ಶೇ. 43 ಮಂದಿಗೆ ಸಾಲದಾಗಿತ್ತು, ಮತ್ತು ಅದು ಸಾಲದವರಲ್ಲಿ ಬೊಜ್ಜೂ ಗರ್ಭಾವಸ್ಥೆಯ ಮಧುಮೇಹವೂ ಹೆಚ್ಚಾಗಿದ್ದವು. ಹೊಟ್ಟೆ ತುಂಬ ಉಂಡ ದೇಹದಲ್ಲೂ ಪೋಷಕಾಂಶದ ಬಡತನ ಇರಬಹುದೆಂಬ ಈ ಅರಿವು ಬೊಜ್ಜು ಮತ್ತು ಅಪೌಷ್ಟಿಕತೆಗಳನ್ನು ಪರಸ್ಪರ ವಿರುದ್ಧವೆಂದು ಎಣಿಸುವ ರೂಢಿಯನ್ನು ಸಡಿಲಿಸಿತು.

ಸಂಶೋಧಕಿಯೊಬ್ಬರ ವೃತ್ತಿಜೀವನ ಎಂದರೆ ಇಲ್ಲಿ ಒಂದು ಆವಿಷ್ಕಾರದ ಕ್ಷಣವಲ್ಲ. ಅದೇ ನಗರದ ಅದೇ ಕುಟುಂಬಗಳ ಮನೆ ಬದಲಾದಾಗ ವಿಳಾಸ ಹುಡುಕುವುದು, ಪರೀಕ್ಷೆಗೆ ಬರಲೊಲ್ಲದ ಹದಿಹರೆಯದವರನ್ನು ಒಪ್ಪಿಸುವುದು, ಖಾಲಿ ಹೊಟ್ಟೆಯಲ್ಲಿ ಬಂದ ಮಗುವಿನ ರಕ್ತ ತೆಗೆದು ಅದಕ್ಕೆ ತಿಂಡಿ ಕೊಟ್ಟು ಕಳುಹಿಸುವುದು, ಒಂದು ವರ್ಷದ ಅಳತೆಯನ್ನು ಮುಂದಿನ ವರ್ಷದ ಅಳತೆಗೆ ಹೊಂದಿಸುವುದು ಇಂಥ ತಾಳ್ಮೆಯ ಕೆಲಸಗಳ ಮೇಲೆ ಕೋಹಾರ್ಟ್ ಅಧ್ಯಯನ ನಿಲ್ಲುತ್ತದೆ. ಗುಂಪು ಚದರಿದರೆ ವಿಜ್ಞಾನವೂ ಚದರುತ್ತದೆ. ಕಾಲು ಶತಮಾನಕ್ಕೂ ಮೀರಿ ಒಂದೇ ಪೀಳಿಗೆಯ ನಂಬಿಕೆಯನ್ನು ಉಳಿಸಿಕೊಂಡದ್ದು ಮೈಸೂರಿನ ಸಾಧನೆಗಳಲ್ಲಿ ಮುಖ್ಯವಾದದ್ದು.

ನೋಡುವುದರಿಂದ ಮಾಡುವುದಕ್ಕೆ

ಹೊಂದಿಕೊಂಡು ಬಂದ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ತಾಯಿಯ ಸಕ್ಕರೆ ಮತ್ತು ಮಗುವಿನ ಕೊಬ್ಬು ಎರಡೂ ಒಂದೇ ಮನೆಯ ಅಡುಗೆಯಿಂದ, ಒಂದೇ ಬಡತನದಿಂದ ಅಥವಾ ಒಂದೇ ವಂಶವಾಹಿಯಿಂದ ಬಂದಿರಬಹುದು. ಆದ್ದರಿಂದ ಅಳೆದು ನೋಡಿದ ಮೇಲೆ ಬದಲಿಸಿ ನೋಡುವುದು ಅಗತ್ಯವಾಯಿತು. ಮುಂಬಯಿಯ ಕೊಳೆಗೇರಿಗಳಲ್ಲಿ ರಮೇಶ ಪೋತದಾರ್, ಕೆರೊಲೈನ್ ಫಾಲ್ ಮತ್ತು ಸಂಗಡಿಗರು ಬಸಿರಿಗೂ ಮೊದಲೇ ಮಹಿಳೆಯರಿಗೆ ಹಸಿರು ಸೊಪ್ಪು, ಹಣ್ಣು ಮತ್ತು ಹಾಲು ಸೇರಿಸಿದ ತಿಂಡಿಯನ್ನು ದಿನಂಪ್ರತಿ ಕೊಟ್ಟು, ಇನ್ನೊಂದು ಗುಂಪಿಗೆ ಆಲೂಗಡ್ಡೆ, ಈರುಳ್ಳಿಯಂಥ ಪೋಷಕಾಂಶ ಕಡಿಮೆಯಿರುವ ತರಕಾರಿಗಳ ತಿಂಡಿ ಕೊಟ್ಟು ಹೋಲಿಸಿದರು. ಒಟ್ಟಾರೆ ಹುಟ್ಟುತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಸಿರಾಗುವುದಕ್ಕೆ ಮೂರು ತಿಂಗಳಾದರೂ ಮೊದಲೇ ತಿಂಡಿ ಆರಂಭಿಸಿದವರ ಮಕ್ಕಳು ಮಾತ್ರ ಸರಾಸರಿ 48 ಗ್ರಾಂ ಹೆಚ್ಚು ತೂಗಿದರು. ಆದರೆ ಗರ್ಭಾವಸ್ಥೆಯ ಮಧುಮೇಹ ಸೊಪ್ಪು ಹಣ್ಣಿನ ಗುಂಪಿನಲ್ಲಿ ಶೇ. 7.3, ಇನ್ನೊಂದರಲ್ಲಿ ಶೇ. 12.4 ಇತ್ತು. ದಿನಕ್ಕೊಂದು ತಿಂಡಿಯಿಂದ ಇಷ್ಟು ವ್ಯತ್ಯಾಸವಾಗುವುದಾದರೆ ಬಸಿರಿಗೆ ಮುಂಚಿನ ಆಹಾರವನ್ನು ಸರಕಾರಿ ಕಾರ್ಯಕ್ರಮಗಳು ಕಡೆಗಣಿಸುವುದು ಸಮಂಜಸವಲ್ಲ.

ಮಗು ಹುಟ್ಟಿದ ಮೇಲಿನ ವರ್ಷಗಳ ಮಹತ್ವವನ್ನು ದೆಹಲಿಯ ಅಧ್ಯಯನ ತೋರಿಸಿತು. ಸಂತೋಷ ಭಾರ್ಗವ, ಎಚ್. ಪಿ. ಎಸ್. ಸಚದೇವ ಮೊದಲಾದವರು 1,492 ತರುಣ ತರುಣಿಯರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದಂತೆ, ಮೊದಲ ಎರಡು ವರ್ಷ ತೆಳ್ಳಗಿದ್ದು ಆ ಬಳಿಕ ತೂಕದಲ್ಲಿ ಸತತವಾಗಿ ಮೇಲೇರಿದವರಿಗೇ ಸಕ್ಕರೆಯ ತೊಂದರೆ ಹೆಚ್ಚು. ಅಂಥವರಲ್ಲಿ ಬಹುತೇಕರು ಹನ್ನೆರಡನೆಯ ವಯಸ್ಸಿನಲ್ಲಿ ದಪ್ಪಗಿರಲಿಲ್ಲ, ತಮ್ಮ ಹಿಂದಿನ ಗಾತ್ರಕ್ಕಿಂತ ದಪ್ಪಗಾಗಿದ್ದರು ಅಷ್ಟೆ. ಬೆಂಗಳೂರಿನಲ್ಲಿ ಗಿರಿಧರ ಬಾಬು ಅವರ ನೇತೃತ್ವದ ಮಾಸ್ತಿ ಎಂಬ ಕೋಹಾರ್ಟ್ ಸರಕಾರಿ ಆಸ್ಪತ್ರೆಗಳ ಗರ್ಭಿಣಿಯರಲ್ಲಿ ಇದೇ ಸರಪಳಿಯನ್ನು ಪರಿಶೀಲಿಸುತ್ತಿದೆ. ಮೈಸೂರು ಪ್ರದೇಶದ ಹಳ್ಳಿಗಳಲ್ಲಿ ಕುಮಾರನ್, ಕೃಷ್ಣವೇಣಿ ಮೊದಲಾದವರು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದ, ಕೆನಡಾ, ಚೀನಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲೂ ನಡೆಯುವ ಯೋಜನೆಯೊಂದರ ಭಾಗವಾಗಿ ಬಸಿರಿಗೆ ಮೊದಲಿನಿಂದಲೇ ಆರೈಕೆ ಆರಂಭಿಸುವ ಪ್ರಯೋಗವನ್ನು ಕೈಗೊಂಡಿದ್ದಾರೆ. ಮುಪ್ಪಿನ ರೋಗವನ್ನು ಹುಡುಕಿ ಹೊರಟ ಪ್ರಶ್ನೆ ಹೆರಿಗೆ ವಾರ್ಡಿಗೆ ಬಂದು, ಅಲ್ಲಿಂದ ಬಸಿರಿಗೆ ಸರಿದು, ಈಗ ಮದುವೆಯ ವಯಸ್ಸಿನ ಹೆಣ್ಣುಮಕ್ಕಳ ತಟ್ಟೆಯವರೆಗೆ ತಲುಪಿದೆ.

ಉಣ್ಣುವುದರ ಸಂಕಟ

ತಟ್ಟೆಯ ಮಾತು ಬಂದಾಗ ಮನಸ್ಸಿನ ಮಾತನ್ನು ಬಿಡಲಾಗದು. ತೂಕ ಹೆಚ್ಚುವ ಭಯದಿಂದ ಉಣ್ಣುವುದನ್ನು ಅಪಾಯಕಾರಿಯಾಗಿ ಬಿಟ್ಟುಬಿಡುವ ಸ್ಥಿತಿಗೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ಲಂಡನ್ನಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲಿ ಕೊಟ್ಟರು. ಅತಿಯಾಗಿ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವ ಬುಲೀಮಿಯಾವನ್ನು ಜೆರಾಲ್ಡ್ ರಸೆಲ್ 1979ರಲ್ಲಿ ವಿವರಿಸಿದರು. ವಾಂತಿಯಿಲ್ಲದೆ, ತಡೆಯಲಾಗದೆ ಮಿತಿಮೀರಿ ತಿನ್ನುವ ಸ್ಥಿತಿಯನ್ನು ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿ 2013ರಲ್ಲಿ ಪ್ರತ್ಯೇಕ ರೋಗವೆಂದು ಒಪ್ಪಿತು. ಇವು ಕೇವಲ ಚಪಲದ ಅಥವಾ ಹಟದ ಪರಿಣಾಮಗಳಲ್ಲ ಎಂಬುದಕ್ಕೆ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ 1944–45ರಲ್ಲಿ ನಡೆಸಿದ ಪ್ರಯೋಗ ಸಾಕ್ಷಿ. ಆರೋಗ್ಯವಂತರಾದ 36 ಗಂಡಸರಿಗೆ ಆರು ತಿಂಗಳ ಕಾಲ ಅರೆಹೊಟ್ಟೆಯ ಊಟ ಕೊಟ್ಟಾಗ ಅವರ ಮನಸ್ಸನ್ನೆಲ್ಲ ಅನ್ನದ ಯೋಚನೆಯೇ ಆವರಿಸಿತು, ಮಂಕು ಕವಿಯಿತು, ನಿರ್ಬಂಧ ಸಡಿಲಿಸಿದ ಮೇಲೆ ಕೆಲವರು ಎಷ್ಟು ತಿಂದರೂ ತೃಪ್ತರಾಗಲಿಲ್ಲ. ಹಸಿವೇ ಮನಸ್ಸನ್ನು ಕೆಡಿಸಬಲ್ಲದು.

ಸೌಂದರ್ಯದ ಆದರ್ಶ ಬದಲಾದಾಗ ಏನಾಗುತ್ತದೆ ಎಂಬುದನ್ನು ಫಿಜಿ ದ್ವೀಪದಲ್ಲಿ ಆನ್ ಬೆಕರ್ ಕಂಡರು. ಟಿ.ವಿ. ಬಂದ ಹೊಸದರಲ್ಲಿ, 1995ರಲ್ಲಿ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವ ಶಾಲಾ ಹುಡುಗಿಯರು ಅಲ್ಲಿ ಕಂಡುಬರಲಿಲ್ಲ. 1998ರಲ್ಲಿ ಅಂಥವರ ಪ್ರಮಾಣ ಶೇ. 11.3 ಆಗಿತ್ತು. ಮೈಸೂರಿನ ವಿದ್ಯಾರ್ಥಿಗಳಲ್ಲೂ ಆಹಾರ ಸೇವನೆಯ ಅಸ್ವಸ್ಥತೆಗೆ ಈಡಾಗುವ ಲಕ್ಷಣಗಳು ಗಣನೀಯವಾಗಿವೆ ಎಂಬುದನ್ನು ಮನೋವೈದ್ಯ ಟಿ. ಎಸ್. ಸತ್ಯನಾರಾಯಣ ರಾವ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಮಧುಮೇಹಕ್ಕೂ ಇದಕ್ಕೂ ನೇರವಾದ ನಂಟಿದೆ. ಮೊದಲನೆಯ ಬಗೆಯ ಮಧುಮೇಹವಿರುವ ಹುಡುಗಿಯರಲ್ಲಿ ಕೆಲವರು ತೂಕ ಇಳಿಸಲು ಇನ್ಸುಲಿನ್ ಚುಚ್ಚುಮದ್ದನ್ನೇ ಗುಟ್ಟಾಗಿ ಬಿಡುತ್ತಾರೆ, ಅದು ಪ್ರಾಣಕ್ಕೇ ಎರವಾಗಬಹುದು. ಹಗಲೆಲ್ಲ ಪಥ್ಯ ಮಾಡಿ ರಾತ್ರಿ ತಡೆಯಲಾಗದೆ ತಿನ್ನುವ ಎರಡನೆಯ ಬಗೆಯ ರೋಗಿಗೆ ಬೈಗುಳದಿಂದ ಉಪಕಾರವಿಲ್ಲ. ಗರ್ಭದಲ್ಲೇ ಕಟ್ಟಿಬಂದ ದೇಹವೊಂದನ್ನು ಅದರ ಒಡೆಯನ ಚಾರಿತ್ರ್ಯದ ದೋಷವೆಂದು ಎಣಿಸುವುದು ವೈದ್ಯಕೀಯವಾಗಿಯೂ ತಪ್ಪು, ನೈತಿಕವಾಗಿಯೂ ತಪ್ಪು.

ಕಾಸರಗೋಡಿನ ಸಂದರ್ಭ

ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು; ಗಡಿ ಬದಲಾಗಿ ಅದು ಕೇರಳಕ್ಕೆ ಸೇರಿದರೂ ಬಸುರಿ ಬಾಣಂತಿಯರ ಪಥ್ಯದ ಕಟ್ಟಳೆಗಳು ಎರಡೂ ಕಡೆ ಒಂದೇ ತೆರನಾಗಿ ಉಳಿದವು. ದಕ್ಷಿಣ ಕನ್ನಡದಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞ ದಂಪತಿ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ 1983ರ ಪ್ರಬಂಧದಲ್ಲಿ ದಾಖಲಿಸಿದಂತೆ, ಹೊಟ್ಟೆಯಲ್ಲಿ ಅನ್ನಕ್ಕೂ ಮಗುವಿಗೂ ಒಂದೇ ಜಾಗ, ಹೆಚ್ಚು ಉಂಡರೆ ಮಗುವಿಗೆ ಇಕ್ಕಟ್ಟು, ಸಣ್ಣ ಮಗುವಾದರೆ ಹೆರಿಗೆ ಸಲೀಸು ಎಂಬ ನಂಬಿಕೆಗಳು ಅಲ್ಲಿನ ಮಹಿಳೆಯರಲ್ಲಿದ್ದವು. ಹೆರಿಗೆಯಲ್ಲಿ ತಾಯಂದಿರು ಸಾಯುತ್ತಿದ್ದ ಕಾಲದಲ್ಲಿ ಆ ಎಚ್ಚರಿಕೆಗೆ ತನ್ನದೇ ಆದ ತರ್ಕವಿತ್ತು. ಆದರೆ ಹಾಗೆ ಸಣ್ಣದಾಗಿ ಹುಟ್ಟಿದ ಮಕ್ಕಳೇ ಇಂದು ಅಜ್ಜ ಅಜ್ಜಿಯರಾಗಿ ಔಷಧದ ಅಂಗಡಿಯ ಮುಂದೆ ಸಾಲುಗಟ್ಟಿದ್ದಾರೆ. ಅವರು ಬೆಳೆದ ಕಾಲದ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಗುಜ್ಜೆ ಪಲ್ಯ, ಮನೆಯ ಹಿಂದಿನ ಸೊಪ್ಪುಗಳ ಊಟ ಹಿಂದೆ ಸರಿದು, ಬೆಳ್ತಿಗೆ ಅನ್ನ, ಬೇಕರಿಯ ತಿಂಡಿ, ಸಕ್ಕರೆ ಹಾಕಿದ ಚಹಾ ಮುಂದೆ ಬಂದಿವೆ. ಗದ್ದೆಯ ಕೆಲಸ ಕಡಿಮೆಯಾಗಿದೆ. ಗಲ್ಫಿನ ದುಡಿಮೆ ಮನೆಗಳ ಸ್ಥಿತಿಯನ್ನು ಒಂದೇ ತಲೆಮಾರಿನಲ್ಲಿ ಮೇಲೆತ್ತಿದೆ. ಹಸಿದ ತಾಯಿಯ ಗರ್ಭದಲ್ಲಿ ರೂಪುಗೊಂಡ ದೇಹವು ಉಂಡುಟ್ಟ ಬದುಕನ್ನು ಎದುರಿಸುವುದು, ಅಂದರೆ ಬಾರ್ಕರ್ ಮತ್ತು ಹೇಲ್ಸ್ 1992ರಲ್ಲಿ ವಿವರಿಸಿದ ಸ್ಥಿತ್ಯಂತರ, ಎಡನೀರಿನ ಸುತ್ತಲ ಮನೆಗಳಲ್ಲೂ ನಡೆದಿದೆ.

ಪರಿಹಾರದ ಸಾಮಗ್ರಿಯೂ ಈ ಜಿಲ್ಲೆಯಲ್ಲಿಯೇ ಇದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಅಮೃತಂ ನ್ಯೂಟ್ರಿಮಿಕ್ಸ್ ಎಂಬ ಪೌಷ್ಟಿಕ ಹುಡಿಯನ್ನು ಕುಟುಂಬಶ್ರೀ ಘಟಕಗಳ ಮಹಿಳೆಯರು ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸಿ ತಯಾರಿಸುತ್ತಾರೆ, ಅಂಗನವಾಡಿಗಳು ಅದನ್ನು ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಹಂಚುತ್ತವೆ. ಸಂಸ್ಥೆ, ಸಂಘಟನೆ, ವಿತರಣೆ ಮೂರೂ ಕೂಡಿದರೆ ಸ್ಥಳೀಯ ಆಹಾರವನ್ನು ಮನೆ ಮನೆಗೆ ತಲುಪಿಸಬಹುದೆಂಬುದಕ್ಕೆ ಇದು ಪುರಾವೆ. ಇದೇ ಜಾಲವನ್ನು ಮದುವೆಗೆ ಮುಂಚಿನ ಹೆಣ್ಣುಮಕ್ಕಳ ಪೋಷಣೆಗೂ ವಿಸ್ತರಿಸುವುದು ಅಸಾಧ್ಯವಲ್ಲ. ಗರ್ಭಾವಸ್ಥೆಯ ಮಧುಮೇಹದ ಪರೀಕ್ಷೆಯೂ ಸರಳವಾಗಿದೆ. ಚೆನ್ನೈಯ ವಿ. ಶೇಷಯ್ಯ ಅವರು ಪ್ರತಿಪಾದಿಸಿ ಕೇಂದ್ರ ಸರಕಾರ ಅಂಗೀಕರಿಸಿದ ಕ್ರಮದಲ್ಲಿ, ಉಂಡಿರಲಿ ಉಣ್ಣದಿರಲಿ, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ ಎರಡು ಗಂಟೆಯ ಬಳಿಕ ರಕ್ತವನ್ನು ಪರೀಕ್ಷಿಸಲಾಗುತ್ತದೆ. ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆರೈಕೆ ಆರಂಭವಾಗಬೇಕು. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರಗಳ ನಡುವೆ ಮತ್ತೊಮ್ಮೆ, ಮಧುಮೇಹ ಕಂಡವರಿಗೆ ಹೆರಿಗೆಯ ಆರು ವಾರಗಳ ಬಳಿಕ ಇನ್ನೊಮ್ಮೆ ಈ ಪರೀಕ್ಷೆ ನಡೆಯಬೇಕು.

ವಯಸ್ಕರಾದ ಮೇಲೆ ಜೀವನಕ್ರಮ ತಿದ್ದುವುದು ವ್ಯರ್ಥವೆಂದು ಇದರ ಅರ್ಥವಲ್ಲ. ತಿರುವನಂತಪುರ ಜಿಲ್ಲೆಯ 60 ಮತಗಟ್ಟೆ ವ್ಯಾಪ್ತಿಗಳಲ್ಲಿ 1,007 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಕೇರಳ ಮಧುಮೇಹ ತಡೆ ಕಾರ್ಯಕ್ರಮದಲ್ಲಿ, ನೆರೆಹೊರೆಯವರು ಗುಂಪಾಗಿ ಕೂಡಿ ಊಟ ಮತ್ತು ವ್ಯಾಯಾಮದ ಬಗ್ಗೆ ಒಬ್ಬರಿಗೊಬ್ಬರು ಒತ್ತಾಸೆಯಾದರು. ಎರಡು ವರ್ಷಗಳಲ್ಲಿ ಅವರಲ್ಲಿ ಶೇ. 14.9, ಇತರರಲ್ಲಿ ಶೇ. 17.1 ಮಂದಿ ಮಧುಮೇಹಿಗಳಾದರು. ಈ ಅಂತರ ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವಾಗಿ ಹೇಳುವಂತಿರಲಿಲ್ಲ. ನಡುವಯಸ್ಸಿನ ತಿದ್ದುಪಾಟು ಬೇಕು, ಅದೊಂದರಿಂದಲೇ ಸಾಲದು ಎಂಬುದನ್ನು ಇದು ಸೂಚಿಸುತ್ತದೆ.

ಈ ಎಲ್ಲ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ನಿಲುವೊಂದು ಸ್ಪಷ್ಟವಾಗುತ್ತದೆ. ಮಧುಮೇಹದ ತಡೆ ನಲುವತ್ತರ ಗಂಡಸಿನ ಬೆಳಗಿನ ನಡಿಗೆಯಿಂದ ಆರಂಭವಾಗುವುದಲ್ಲ; ಹದಿನೈದರ ಹುಡುಗಿಯ ತಟ್ಟೆಯಿಂದ ಆರಂಭವಾಗಬೇಕು, ಬಸಿರಿನ ರಕ್ತಪರೀಕ್ಷೆಯಲ್ಲಿ ಮುಂದುವರಿಯಬೇಕು, ಬಾಣಂತನ ಮುಗಿದ ಮೇಲೂ ನಿಲ್ಲಬಾರದು. ಅದನ್ನು ಹೇಳುವಾಗ ತಾಯಂದಿರ ಮೇಲೆ ಹೊಸ ಆರೋಪ ಹೊರಿಸದಂತೆಯೂ, ಹುಡುಗಿಯರ ಮೈಯ ಬಗ್ಗೆ ಅವರಿಗೇ ಹೇಸಿಗೆ ಹುಟ್ಟಿಸದಂತೆಯೂ ಎಚ್ಚರ ವಹಿಸಬೇಕು. ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ದಾದಿಯರು ಯಾವ ಸಂಶೋಧನೆಗೆಂದೂ ಅಲ್ಲದೆ ಕರ್ತವ್ಯವೆಂದು ಬರೆದಿಟ್ಟ ಅಳತೆಗಳು ಅರ್ಧ ಶತಮಾನದ ಬಳಿಕ ಜಗತ್ತಿನ ತಿಳಿವಳಿಕೆಯನ್ನು ತಿದ್ದಿದವು. ಆದ್ದರಿಂದ ಈ ಜಿಲ್ಲೆಯ ಪ್ರತಿ ಮನೆಯವರೂ ತಾಯಿ ಮತ್ತು ಮಗುವಿನ ಆರೋಗ್ಯ ಕಾರ್ಡನ್ನು ಹೆರಿಗೆಯ ಬಳಿಕ ಎಸೆಯದೆ ಜೋಪಾನವಾಗಿ ಕಾಯ್ದಿರಿಸಬೇಕು, ಬಸಿರಿನಲ್ಲಿ ಸಕ್ಕರೆ ಕಂಡಿದ್ದ ಪ್ರತಿ ತಾಯಿಯೂ ಆರು ವಾರದ ಮರುಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಬೇಕು.